ಕ್ರಿಯೇಟಿನಿನ್ 1.2 ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ?

ಸಿಂಧನೂರಿನಲ್ಲಿ ನೆಲ್ಲಿನ ಚೀಲ ಹೊರುವ 25ರ ಹಮಾಲ, ರಾಯಚೂರಿನ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ 55ರ ಗುಮಾಸ್ತ, ಲಿಂಗಸುಗೂರು ಕಡೆಯ 70ರ ಅಜ್ಜಿ. ಮೂವರ ರಿಪೋರ್ಟಿನಲ್ಲೂ ಸೀರಮ್ ಕ್ರಿಯೇಟಿನಿನ್ 1.2 ಬಂದಿದೆ ಅಂದುಕೊಳ್ಳಿ. ಪಕ್ಕದ ಕಾಲಂನಲ್ಲಿ 0.6ರಿಂದ 1.4 ಎಂಬ ನಾರ್ಮಲ್ ಮಿತಿ ಅಚ್ಚಾಗಿರುತ್ತದೆ. ಮೂವರೂ ಪಾಸು, ಮೂವರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಮಾಲನ ಕಿಡ್ನಿ ಸೋಸುವ ಪ್ರಮಾಣ 86, ಗುಮಾಸ್ತನದು 71, ಅಜ್ಜಿಯದು 49. ಅಜ್ಜಿಯ ಅಂಕಿ ಇದೇ ಮಟ್ಟದಲ್ಲಿ ಮೂರು ತಿಂಗಳು ಉಳಿದರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಹೆಸರು. ಕ್ರಿಯೇಟಿನಿನ್ ಒಂದನ್ನೇ ಅಚ್ಚು ಹಾಕಿ, ಇ-ಜಿಎಫ್‌ಆರ್ (ಕಿಡ್ನಿ ಸೋಸುವ ಪ್ರಮಾಣದ ಅಂದಾಜು) ಲೆಕ್ಕ ಹಾಕದೆ ಬಿಡುವ ಲ್ಯಾಬ್ ಅರ್ಧ ಕೆಲಸ ಮಾತ್ರ ಮಾಡಿದೆ ಅನ್ನುವುದು ನನ್ನ ಅಭಿಪ್ರಾಯ. ಉಳಿದ ಅರ್ಧವನ್ನು ನಾವೇ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ್ದು ವಯಸ್ಸು, ಗಂಡೋ ಹೆಣ್ಣೋ ಎಂಬುದು ಮತ್ತು ಫೋನಿನ ಕ್ಯಾಲ್ಕುಲೇಟರ್.

ಮೊದಲು ಅಳೆಯುತ್ತಿರುವುದು ಏನನ್ನು ಅಂತ ತಿಳಿಯಬೇಕು. ಎರಡೂ ಕಿಡ್ನಿ ಸೇರಿ ಸುಮಾರು 20 ಲಕ್ಷ ಸೂಕ್ಷ್ಮ ಸೋಸು ಗಂಟುಗಳಿವೆ. ಅವೆಲ್ಲ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ದ್ರವ ಸೋಸುತ್ತವೆ ಎಂಬುದೇ ಜಿಎಫ್‌ಆರ್. ಆರೋಗ್ಯವಂತ ಹರೆಯದವರಲ್ಲಿ ಅದು 100ರ ಆಸುಪಾಸು ಅಥವಾ ಸ್ವಲ್ಪ ಮೇಲೆ ಇರುತ್ತದೆ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ 1ರಂತೆ ಇಳಿಯುತ್ತದೆ. ಇದನ್ನು ನೇರವಾಗಿ ಅಳೆಯಲು ಹೊರಗಿನಿಂದ ವಸ್ತು ಚುಚ್ಚಿ, ಗಂಟೆಗಟ್ಟಲೆ ರಕ್ತ ತೆಗೆಯುತ್ತಾ ಕೂರಬೇಕು. ಅದಕ್ಕೇ ದೇಹ ತಾನೇ ತಯಾರಿಸುವ ಕಸವೊಂದನ್ನು ಸಾಕ್ಷಿಯಾಗಿ ಹಿಡಿದಿದ್ದಾರೆ. ಸ್ನಾಯುವಿನಲ್ಲಿರುವ ಕ್ರಿಯೇಟಿನ್ ದಿನಕ್ಕೆ ಶೇ. 1ರಿಂದ 2ರಷ್ಟು ಒಡೆದು ಕ್ರಿಯೇಟಿನಿನ್ ಆಗುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ.

ರಕ್ತದಲ್ಲಿ ಕಾಣುವ ಅಂಕಿ ಕೆರೆಯ ನೀರಿನ ಮಟ್ಟ ಇದ್ದಂತೆ. ತೂಬು ಅರ್ಧ ಮುಚ್ಚಿದ್ದರೂ ಒಳಹರಿವೇ ಕಡಿಮೆ ಇದ್ದರೆ ಮಟ್ಟ ಏರುವುದಿಲ್ಲ. ಇಲ್ಲಿ ಒಳಹರಿವು ಅಂದರೆ ಸ್ನಾಯು, ತೂಬು ಅಂದರೆ ಕಿಡ್ನಿ. ಮೈಯಲ್ಲಿ ಖಂಡ ಇಲ್ಲದ ಅಜ್ಜಿಯ ಕ್ರಿಯೇಟಿನಿನ್ 1.2ಕ್ಕೆ ಏರಬೇಕಾದರೆ ಕಿಡ್ನಿ ಸಾಕಷ್ಟು ಸೋತಿರಬೇಕು. ಹಮಾಲನಲ್ಲಿ ಅದೇ 1.2 ಬರಲು ಕಿಡ್ನಿ ಸೋಲಬೇಕೆಂದೇನಿಲ್ಲ, ತೋಳು ತೊಡೆಯ ಸ್ನಾಯುವೇ ಸಾಕು.

ಲೆಕ್ಕ ಹಾಕುವ ಬಗೆ

ಈಗ ಹೆಚ್ಚಾಗಿ ಬಳಸುವುದು ಸಿಕೆಡಿ-ಇಪಿಐ ಎಂಬ ಸಂಶೋಧಕರ ಗುಂಪಿನ 2021ರ ಸೂತ್ರ. 18 ದಾಟಿದವರಿಗೆ ಮಾತ್ರ. ಕ್ರಿಯೇಟಿನಿನ್ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಲೆಕ್ಕದಲ್ಲಿರಬೇಕು; ಮೈಕ್ರೋಮೋಲ್‌ನಲ್ಲಿ ಕೊಟ್ಟಿದ್ದರೆ 88.4ರಿಂದ ಭಾಗಿಸಿ.

ಗಂಡಸಾದರೆ ಕ್ರಿಯೇಟಿನಿನ್ ಅನ್ನು 0.9ರಿಂದ, ಹೆಂಗಸಾದರೆ 0.7ರಿಂದ ಭಾಗಿಸಿ. ಬಂದ ಉತ್ತರ 1ಕ್ಕಿಂತ ಹೆಚ್ಚಿದ್ದರೆ ಅದಕ್ಕೆ −1.2ರ ಘಾತ ಹಾಕಿ. 1ಕ್ಕಿಂತ ಕಡಿಮೆ ಇದ್ದರೆ ಗಂಡಸಿಗೆ −0.302, ಹೆಂಗಸಿಗೆ −0.241. ಆಮೇಲೆ 0.9938ಕ್ಕೆ ವಯಸ್ಸಿನಷ್ಟು ಘಾತ ಹಾಕಿ. ಈ ಎರಡನ್ನೂ ಗುಣಿಸಿ, 142ರಿಂದ ಗುಣಿಸಿ. ಹೆಂಗಸಾದರೆ ಕೊನೆಗೆ 1.012ರಿಂದ ಇನ್ನೊಮ್ಮೆ ಗುಣಿಸಿ.

48 ವರ್ಷದ ಗಂಡಸು, ಕ್ರಿಯೇಟಿನಿನ್ 1.6 ಅಂತ ಇಟ್ಟುಕೊಳ್ಳೋಣ. ಫೋನನ್ನು ಅಡ್ಡ ತಿರುಗಿಸಿದರೆ ಘಾತದ ಗುಂಡಿ ಸಿಗುತ್ತದೆ. 1.6 ಭಾಗಿಸು 0.9 ಅಂದರೆ 1.778. ಅದರ −1.2 ಘಾತ 0.501. 0.9938ರ 48ನೇ ಘಾತ 0.742. 142 × 0.501 × 0.742 = 52.8. ರಿಪೋರ್ಟಿನಲ್ಲಿ 53 ಎಂದು ಬರೆಯಬೇಕು. ದಶಮಾಂಶ ಹಾಕಿ 52.83 ಅಂತ ಅಚ್ಚು ಹಾಕುವುದು ಇಲ್ಲದ ನಿಖರತೆಯ ತೋರಿಕೆ. ಈ ಲೆಕ್ಕ ನಿಜವಾದ ಅಳತೆಯ ಶೇ. 30ರ ಒಳಗೆ ಬೀಳುವುದು ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಮಾತ್ರ. ಅಂದರೆ 53 ಎಂದು ಬಂದವರ ನಿಜವಾದ ಅಂಕಿ 42 ಇರಬಹುದು, 65 ಕೂಡ ಇರಬಹುದು.

ಹಳೆಯ ಯಂತ್ರ, ಹಳೆಯ ಸಾಫ್ಟ್‌ವೇರ್ ಇರುವ ಕಡೆ 1999ರ ಎಂಡಿಆರ್‌ಡಿ ಅಥವಾ 2009ರ ಸಿಕೆಡಿ-ಇಪಿಐ ಸೂತ್ರ ಇನ್ನೂ ಓಡುತ್ತಿರುತ್ತದೆ. ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ. ಹೋದ ವರ್ಷದ 66, ಈ ವರ್ಷದ 70 ನೋಡಿ ಕಿಡ್ನಿ ಸುಧಾರಿಸಿತು ಅನ್ನುವ ಮೊದಲು ಸೂತ್ರ ಯಾವುದು ಎಂದು ಕೆಳಗಿನ ಸಣ್ಣ ಅಕ್ಷರದಲ್ಲಿ ನೋಡಿ. ಇನ್ನೂ ಒಳ್ಳೆಯದು, ಎರಡೂ ವರ್ಷದ ಕ್ರಿಯೇಟಿನಿನ್ ತೆಗೆದುಕೊಂಡು ಒಂದೇ ಸೂತ್ರದಲ್ಲಿ ಮತ್ತೆ ಲೆಕ್ಕ ಹಾಕುವುದು.

ಕ್ರಿಯೇಟಿನಿನ್ ಏರಿಕೆಗೂ ಕಿಡ್ನಿ ಇಳಿಕೆಗೂ ನೇರ ಅನುಪಾತ ಇಲ್ಲ ಎಂಬುದು ಸೂತ್ರ ಹಾಕಿದಾಗಲೇ ಕಣ್ಣಿಗೆ ಬೀಳುವುದು. 50ರ ಗಂಡಸಿಗೆ 0.9 ಇದ್ದಾಗ 104 ಬರುತ್ತದೆ, 1.8 ಆದಾಗ 45. ಅದೇ ಮನುಷ್ಯನಿಗೆ 3.6 ಇದ್ದಾಗ 20, 4.5 ಆದಾಗ 15. ಎರಡು ಸಲವೂ ಏರಿದ್ದು 0.9. ಮೊದಲ 0.9ರಲ್ಲಿ ಹೋದದ್ದು 59, ಆಮೇಲಿನ 0.9ರಲ್ಲಿ ಹೋದದ್ದು ಬರೀ 5. ಜನ 4 ದಾಟಿದಾಗ ಗಾಬರಿಯಾಗಿ ಬಳ್ಳಾರಿ, ಹೈದರಾಬಾದ್ ಎಂದು ಓಡಾಡುತ್ತಾರೆ. ಉಳಿಸಿಕೊಳ್ಳಲು ಆಗುತ್ತಿದ್ದದ್ದು ಹೆಚ್ಚಿನ ಪಾಲು 1ರಿಂದ 2ರ ನಡುವೆ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಾಲದಲ್ಲಿ ಹೋಗಿರುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ತೊಡಕು ಒಂದೇ ದಶಮಾಂಶದ ರಿಪೋರ್ಟು. 60ರ ಹೆಂಗಸಿಗೆ 1.1 ಎಂದು ಬರೆದಿದ್ದರೆ ಯಂತ್ರ ತೋರಿಸಿದ್ದು 1.05 ಇರಬಹುದು, 1.14 ಕೂಡ ಇರಬಹುದು. ಮೊದಲನೆಯದಕ್ಕೆ 61, ಎರಡನೆಯದಕ್ಕೆ 55. ನಡುವೆ ಕಾಯಿಲೆಯ ಹಂತ ಬದಲಾಗುವ 60ರ ಗೆರೆ ಇದೆ! ಯಂತ್ರ ಎರಡು ದಶಮಾಂಶ ತೋರಿಸುತ್ತದೆ, ಬರೆಯುವವರು ಒಂದಕ್ಕೆ ಇಳಿಸುತ್ತಾರೆ. ಎರಡೂ ಅಂಕಿ ಬರೆದುಕೊಡಿ ಎಂದು ಲ್ಯಾಬಿನಲ್ಲಿ ಕೇಳಲು ಸಂಕೋಚ ಬೇಡ.

ತೆಳ್ಳಗಿನ ಮೈ, ಚಿಕ್ಕ ಆಳ್ತನ

ನಮ್ಮ ಕಡೆಯವರಿಗೆ ಹೆಚ್ಚು ಅನ್ವಯಿಸುವ ಮಾತು ಇದು. ಸೂತ್ರಗಳನ್ನು ಕಟ್ಟಿದ್ದು ಬಹುಪಾಲು ಅಮೆರಿಕ, ಯುರೋಪಿನ ಮೈಕಟ್ಟು ಮತ್ತು ಊಟದ ಮೇಲೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಉಂಡು, ಹತ್ತಿ ಬಿಡಿಸಲು ಹೋಗುವ 42 ಕೆಜಿ ತೂಕದ ಹೆಂಗಸು ಆ ಲೆಕ್ಕದಲ್ಲಿ ಇರಲಿಲ್ಲ. ಅವಳ ಸ್ನಾಯು ಕಡಿಮೆ, ಮಾಂಸದ ಊಟ ಕಡಿಮೆ, ಆದ್ದರಿಂದ ಕ್ರಿಯೇಟಿನಿನ್ ಕಡಿಮೆ. ಸೂತ್ರ ಅದನ್ನು ಒಳ್ಳೆಯ ಕಿಡ್ನಿ ಎಂದು ಓದುತ್ತದೆ. ಕ್ರಿಯೇಟಿನಿನ್ ಆಧಾರದ ಸೂತ್ರಗಳು ಭಾರತೀಯರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ಚಂಡೀಗಢದ ಪಿಜಿಐ ಆಸ್ಪತ್ರೆಯ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೇಳಿತ್ತು.

ಇನ್ನೊಂದು ವಿಷಯ, ಇ-ಜಿಎಫ್‌ಆರ್ ಉತ್ತರ ಬರುವುದು 1.73 ಚದರ ಮೀಟರ್ ಮೈಹರವಿಗೆ, ಅಂದರೆ ಮೈಯ ಹೊರಗಿನ ಒಟ್ಟು ವಿಸ್ತೀರ್ಣಕ್ಕೆ. ಕಾಯಿಲೆಯ ಹಂತ ಗುರುತಿಸಲು ಅದು ಸರಿ, ಔಷಧಿಯ ಪ್ರಮಾಣ ನಿಗದಿ ಮಾಡಲು ಅಲ್ಲ. ಐದಡಿಗಿಂತ ಒಂದು ಕೂದಲು ಕಡಿಮೆ, ಅಂದರೆ 150 ಸೆಂಟಿಮೀಟರ್ ಎತ್ತರ, 42 ಕೆಜಿ ತೂಕದವಳ ಮೈಹರವು ಹೀಗೆ: 150 × 42 ÷ 3600 = 1.75, ಅದರ ವರ್ಗಮೂಲ 1.32 ಚದರ ಮೀಟರ್. ವಯಸ್ಸು 55, ಕ್ರಿಯೇಟಿನಿನ್ 0.9 ಇದ್ದರೆ ಇ-ಜಿಎಫ್‌ಆರ್ 75. ಅದನ್ನು ಅವಳ ಸ್ವಂತ ಮೈಗೆ ಇಳಿಸಿದರೆ 75 × 1.32 ÷ 1.73, ಸುಮಾರು 57.

1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ತೂಕವನ್ನೇ ಒಳಗೆ ತೆಗೆದುಕೊಳ್ಳುತ್ತದೆ. 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, ಕ್ರಿಯೇಟಿನಿನ್‌ನ 72 ಪಟ್ಟಿನಿಂದ ಭಾಗಿಸಿ, ಹೆಂಗಸಾದರೆ 0.85ರಿಂದ ಗುಣಿಸಬೇಕು. ಇವಳಿಗೆ 85 × 42 = 3570; ಅದನ್ನು 64.8ರಿಂದ ಭಾಗಿಸಿದರೆ 55, 0.85 ಹಾಕಿದರೆ 47. ಒಂದೇ ರಕ್ತ, ಒಂದೇ ಹೆಂಗಸು, 75 ಮತ್ತು 47. ಹಳೆಯ ಸೂತ್ರ ಅಂತ ಅದನ್ನು ಬದಿಗಿಡುವವರಿದ್ದಾರೆ, ಆದರೆ ಎಷ್ಟೋ ಔಷಧಿಗಳ ಪ್ರಮಾಣದ ಕೋಷ್ಟಕ ತಯಾರಾದದ್ದು ಅದರ ಮೇಲೆಯೇ. ಸಣ್ಣ ಮೈಯವರಿಗೆ ಕಿಡ್ನಿಯಿಂದ ಹೊರಹೋಗುವ ಔಷಧಿ ಬರೆಯುವಾಗ ಎರಡನ್ನೂ ಹಾಕಿ ನೋಡುವುದು ಲೇಸು. ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್‌ಗೆ ಮಾತ್ರ ಇ-ಜಿಎಫ್‌ಆರ್ ಗೆರೆಗಳೇ ಇವೆ: 45ರ ಕೆಳಗೆ ಇಳಿದರೆ ಪ್ರಮಾಣ ಅರ್ಧಕ್ಕೆ ತರುವುದು, 30ರ ಕೆಳಗೆ ನಿಲ್ಲಿಸುವುದು.

ಕಾಲು ಕತ್ತರಿಸಿದವರು, ಲಕ್ವ ಹೊಡೆದು ವರ್ಷಗಟ್ಟಲೆ ಹಾಸಿಗೆ ಹಿಡಿದವರು, ಲಿವರ್ ಕೆಟ್ಟು ಮೈ ಸೊರಗಿದವರು, ಇವರಲ್ಲೂ ಸೂತ್ರ ಇದೇ ದಿಕ್ಕಿನಲ್ಲಿ ಸುಳ್ಳು ಹೇಳುತ್ತದೆ. ಜಿಮ್ಮಿಗೆ ಹೋಗಿ ಕ್ರಿಯೇಟಿನ್ ಪುಡಿ ಕುಡಿಯುವ ಹುಡುಗರಲ್ಲಿ ತದ್ವಿರುದ್ಧ.

ರಕ್ತ ತೆಗೆಯುವ ಹಿಂದಿನ ದಿನ, ತೆಗೆದ ಮೇಲೆ

ಕ್ರಿಯೇಟಿನಿನ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ. ಜೊತೆಗೆ ಶುಗರ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿರುತ್ತಾರೆ. ಖಾಲಿ ಹೊಟ್ಟೆ ಅಂದರೆ ನೀರೂ ಬ್ಯಾಡ ಅಂತ ತಿಳಿದು, ಮುಂಜಾನೆ ಊರಿನಿಂದ ಬಸ್ಸು ಹಿಡಿದು, ಹನ್ನೊಂದಕ್ಕೆ ಸಾಲಿನಲ್ಲಿ ನಿಲ್ಲುವವರು ಬಹಳ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಇದು ಅಂಕಿಯನ್ನು ಕೆಡಿಸುತ್ತದೆ. ನೀರು ಕುಡಿಯಬಹುದು, ಕುಡಿಯಲೇಬೇಕು. ನೀರು ಕಡಿಮೆಯಾದಾಗ ಕಿಡ್ನಿ ಹೊರಹಾಕುವ ಇನ್ನೊಂದು ಕಸವಾದ ಯೂರಿಯಾ ಕ್ರಿಯೇಟಿನಿನ್‌ಗಿಂತ ಬೇಗ ಏರುತ್ತದೆ. ಕ್ರಿಯೇಟಿನಿನ್ 1.3, ಯೂರಿಯಾ 70 ಎಂಬಂಥ ಜೋಡಿ ಕಂಡರೆ ಮೊದಲ ಪ್ರಶ್ನೆ ನೀರಿನದು, ಎರಡನೆಯದು ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂಬುದು. ಅಂದಹಾಗೆ ಕೆಲವು ಲ್ಯಾಬು ಯೂರಿಯಾ ಬದಲು ಬಿಯುಎನ್ (ಯೂರಿಯಾದೊಳಗಿನ ಸಾರಜನಕದ ಅಳತೆ) ಬರೆಯುತ್ತವೆ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಇದು ತಿಳಿಯದೆ ಯೂರಿಯಾ ಅರ್ಧಕ್ಕೆ ಇಳಿಯಿತು ಎಂದು ಖುಷಿಪಡುವುದುಂಟು.

ಹಿಂದಿನ ರಾತ್ರಿ ಮಟನ್ ಊಟ ಬೇಡ. ಬೇಯಿಸಿದ ಮಾಂಸದಲ್ಲಿ ಕ್ರಿಯೇಟಿನ್ ಆಗಲೇ ಕ್ರಿಯೇಟಿನಿನ್ ಆಗಿರುತ್ತದೆ, ಉಂಡ ಕೆಲವು ಗಂಟೆಗಳಲ್ಲಿ ರಕ್ತದಲ್ಲಿ ಕಾಣುತ್ತದೆ. 12 ಗಂಟೆ ಬಿಟ್ಟರೆ ಸಾಕು. ಹಿಂದಿನ ದಿನ ವಿಪರೀತ ಮೈಮುರಿಯುವ ಕೆಲಸವೂ ಬೇಡ; ಶಕ್ತಿನಗರ, ತೋರಣಗಲ್ಲಿನ ಕಡೆ ಬಿಸಿಯ ಪಾಳಿ ಮುಗಿಸಿ ನೇರವಾಗಿ ಲ್ಯಾಬಿಗೆ ಬರುವ ಕಾರ್ಮಿಕರಿಗೆ ಈ ಮಾತು.

ಸಲಾಯಿನ್ ಹಚ್ಚಿದ ಕೈಯಿಂದ ರಕ್ತ ತೆಗೆಯಬಾರದು, ಇನ್ನೊಂದು ಕೈ ಹಿಡಿಯಬೇಕು. ಕೆಂಪು ಅಥವಾ ಹಳದಿ ಮುಚ್ಚಳದ ಟ್ಯೂಬಿನಲ್ಲಿ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ಹತ್ತು ನಿಮಿಷ ತಿರುಗಿಸಿ ಸೀರಮ್ ಬೇರ್ಪಡಿಸಬೇಕು. ಹಳ್ಳಿಯ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ ತಿರುಗಿಸದೇ ಬಸ್ಸಿನಲ್ಲಿ ಸಂಜೆ ಪಟ್ಟಣ ಮುಟ್ಟಿದರೆ ಮೊದಲು ಕೆಡುವುದು ಪೊಟ್ಯಾಸಿಯಂ. ಬಹಳ ತಡವಾದರೆ ಜಾಫೆ ವಿಧಾನದಲ್ಲಿ ಕ್ರಿಯೇಟಿನಿನ್ ಕೂಡ ಹುಸಿಯಾಗಿ ಏರುತ್ತದೆ. ಪೊಟ್ಯಾಸಿಯಂ 6.2 ಅಂತ ಬಂದು, ರೋಗಿ ಆರಾಮಾಗಿ ಚಹಾ ಕುಡಿಯುತ್ತಾ ಕೂತಿದ್ದರೆ ಮೊದಲು ಇಸಿಜಿ ತೆಗೆದು, ಅಲ್ಲೇ ಕೂರಿಸಿ ಮತ್ತೊಮ್ಮೆ ರಕ್ತ ತೆಗೆಯುವುದು ಸರಿ. ಹುಸಿ ಅಂತ ಸುಮ್ಮನೆ ಬಿಟ್ಟುಬಿಡುವ ಅಂಕಿ ಅದಲ್ಲ.

ಜಾಫೆ ಅಂದೆನಲ್ಲ. 1886ರಲ್ಲಿ ಮ್ಯಾಕ್ಸ್ ಜಾಫೆ ಕಂಡುಕೊಂಡ ಪ್ರತಿಕ್ರಿಯೆ ಅದು: ಕ್ಷಾರದ ಜೊತೆ ಪಿಕ್ರಿಕ್ ಆಮ್ಲ ಸೇರಿದಾಗ ಕ್ರಿಯೇಟಿನಿನ್ ಕಿತ್ತಳೆ ಕೆಂಪು ಬಣ್ಣ ಕೊಡುತ್ತದೆ. ಅಗ್ಗ, ಅದಕ್ಕೇ ಸಣ್ಣ ಲ್ಯಾಬುಗಳಲ್ಲಿ ಇವತ್ತಿಗೂ ಅದೇ. ತೊಂದರೆ ಏನೆಂದರೆ ಗ್ಲೂಕೋಸ್, ಕೀಟೋನ್, ಪ್ರೋಟೀನ್, ಸೋಂಕಿಗೆ ಕೊಡುವ ಕೆಲವು ಸೆಫಲೋಸ್ಪೊರಿನ್ ಔಷಧಿಗಳೂ ಇದೇ ಬಣ್ಣಕ್ಕೆ ಕೈ ಜೋಡಿಸುತ್ತವೆ. ಶುಗರ್ ಹತೋಟಿ ತಪ್ಪಿ ಕೀಟೋನ್ ಏರಿದವರಲ್ಲಿ ಕ್ರಿಯೇಟಿನಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕಾಮಾಲೆಯಲ್ಲಿ ಬಿಲಿರುಬಿನ್ ಅದನ್ನು ತಗ್ಗಿಸುತ್ತದೆ. ಎಂಜೈಮ್ ವಿಧಾನ ಇದಕ್ಕಿಂತ ನಂಬಿಕೆಗೆ ಅರ್ಹ, ರಿಯೇಜೆಂಟ್ ದುಬಾರಿ. ರೋಗಿಯ ಕೈಯಲ್ಲಿ ಇರುವುದು ಇಷ್ಟೇ: ಯಾವ ಲ್ಯಾಬೇ ಇರಲಿ, ಪ್ರತಿ ಸಲ ಅದೇ ಲ್ಯಾಬಿಗೆ ಹೋಗುವುದು. ರಾಯಚೂರಿನಲ್ಲಿ 1.3, ಬೆಂಗಳೂರಿನಲ್ಲಿ 1.1 ಬಂದರೆ ಅದು ಬೆಂಗಳೂರಿನ ಔಷಧಿಯ ಮಹಿಮೆ ಅಲ್ಲ.

ಕಿಡ್ನಿಗೆ ಏನೂ ಆಗದೆ ಅಂಕಿ ಏರಿಸುವ ಗುಳಿಗೆಗಳಿವೆ. ಕ್ರಿಯೇಟಿನಿನ್ ಸೋಸುವುದಷ್ಟೇ ಅಲ್ಲ, ಕಿಡ್ನಿಯ ನಾಳಗಳು ಸ್ವಲ್ಪ ಭಾಗವನ್ನು ತಾವೇ ತಳ್ಳುತ್ತವೆ. ಆ ತಳ್ಳುವ ದಾರಿಯನ್ನು ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್‌ನಲ್ಲಿರುವ ಟ್ರೈಮೆಥೋಪ್ರಿಮ್ ಅಡ್ಡಗಟ್ಟುತ್ತದೆ, ಎಚ್‌ಐವಿ ಇರುವವರಿಗೆ ಎಆರ್‌ಟಿ ಕೇಂದ್ರದಲ್ಲಿ ಕೊಡುವ ಡೊಲುಟೆಗ್ರಾವಿರ್ ಕೂಡ. ಡೊಲುಟೆಗ್ರಾವಿರ್ ಶುರುವಾದ ಮೊದಲ ನಾಲ್ಕು ವಾರದಲ್ಲಿ 0.1ರಿಂದ 0.2ರಷ್ಟು ಏರಿ ಅಲ್ಲೇ ನಿಲ್ಲುತ್ತದೆ. ಗಾಬರಿಯಾಗಿ ಗುಳಿಗೆ ಬಿಡಬಾರದು. ಆದರೆ ಅದೇ ಗುಳಿಗೆಯೊಳಗೆ ಜೊತೆಯಲ್ಲಿರುವ ಟೆನೊಫೊವಿರ್ ನಿಜವಾಗಿಯೂ ಕಿಡ್ನಿಯ ನಾಳಗಳನ್ನು ಕೆಡಿಸಬಲ್ಲದು. ಏರಿಕೆ ನಿಲ್ಲದೆ ಮುಂದುವರಿದರೆ, ರಕ್ತದ ಶುಗರ್ ಸರಿಯಿದ್ದೂ ಮೂತ್ರದಲ್ಲಿ ಶುಗರ್ ಕಂಡರೆ, ಪ್ರೋಟೀನ್ ಬಂದರೆ, ಆಗ ಕೇಂದ್ರದ ವೈದ್ಯರಿಗೆ ತೋರಿಸಲೇಬೇಕು.

ಬಿಪಿಗೆ ಕೊಡುವ ಎನಾಲಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನವು ಬೇರೆ ಬಗೆ. ಶುರು ಮಾಡಿದಾಗ ಕ್ರಿಯೇಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತ. ನಾಲ್ಕು ವಾರದೊಳಗೆ ಏರಿಕೆ ಶೇ. 30 ದಾಟದಿದ್ದರೆ ಮುಂದುವರಿಸುತ್ತಾರೆ. 1.0 ಇದ್ದದ್ದು 1.2 ಆಯಿತೆಂದು ಯಾರದೋ ಮಾತು ಕೇಳಿ ಇವನ್ನು ಬಿಟ್ಟು, ಮೈಕೈ ನೋವಿಗೆ ಡೈಕ್ಲೋಫೆನಾಕ್ ಸೂಜಿ ಮಾತ್ರ ವಾರಕ್ಕೆರಡು ಸಲ ಮಾಡಿಸಿಕೊಳ್ಳುವುದು ನಮ್ಮ ಕಡೆಯ ದೊಡ್ಡ ವಿಪರ್ಯಾಸ. ಬೇಸಿಗೆಯ ಬಿಸಿಲು, ಬಿಪಿ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಮೇಲೆ ನೋವಿನ ಸೂಜಿ ಸೇರಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಸೋಲುತ್ತದೆ.

ಲೆಕ್ಕ ಹಾಕಬಾರದ ಸಂದರ್ಭಗಳು

ವಾಂತಿ ಭೇದಿ, ಹಾವು ಕಡಿತ, ಡೆಂಗಿ, ಸೆಪ್ಸಿಸ್ ಇದ್ದು ಕ್ರಿಯೇಟಿನಿನ್ ದಿನದಿನಕ್ಕೆ ಬದಲಾಗುತ್ತಿರುವಾಗ ಇ-ಜಿಎಫ್‌ಆರ್‌ಗೆ ಅರ್ಥವೇ ಇಲ್ಲ. ಕಿಡ್ನಿ ಇವತ್ತು ಪೂರ್ತಿ ನಿಂತರೂ ನಾಳೆ ಕ್ರಿಯೇಟಿನಿನ್ 2ರ ಸುತ್ತ ಇರಬಹುದು, ಸೂತ್ರ 40 ಅನ್ನುತ್ತದೆ, ನಿಜ ಸೊನ್ನೆ. ಅಲ್ಲಿ ನೋಡಬೇಕಾದ್ದು 48 ಗಂಟೆಯಲ್ಲಿ 0.3 ಏರಿತೇ, ಏಳು ದಿನದೊಳಗೆ ಒಂದೂವರೆ ಪಟ್ಟಾಯಿತೇ, ಮೂತ್ರ ಗಂಟೆಗೆ ಕೆಜಿಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆಯಾಗಿ ಆರು ಗಂಟೆ ಕಳೆಯಿತೇ ಎಂಬುದು.

ಬಸುರಿಯರಿಗೂ ಈ ಸೂತ್ರ ಬೇಡ. ಬಸಿರಿನಲ್ಲಿ ಸೋಸುವಿಕೆ ಹೆಚ್ಚಿ ಕ್ರಿಯೇಟಿನಿನ್ ಇಳಿದು 0.4 ಮತ್ತು 0.8ರ ನಡುವೆ ಇರುತ್ತದೆ, ಅಲ್ಲಿ 1.0 ಬಂದರೆ ನಾರ್ಮಲ್ ಎಂದು ಬಿಡುವಂತಿಲ್ಲ. ಮಕ್ಕಳಿಗೆ ಎತ್ತರದ ಸೂತ್ರ: 0.413 × ಸೆಂಟಿಮೀಟರ್ ಎತ್ತರ ÷ ಕ್ರಿಯೇಟಿನಿನ್.

ಅಂಕಿ ಬಂದ ಮೇಲೆ

60ರಿಂದ 89 ಎರಡನೇ ಹಂತ, 45ರಿಂದ 59 ಮೂರು-ಎ, 30ರಿಂದ 44 ಮೂರು-ಬಿ, 15ರಿಂದ 29 ನಾಲ್ಕು, ಅದರ ಕೆಳಗೆ ಐದು. 60ರ ಮೇಲಿದ್ದು ಮೂತ್ರ, ಸ್ಕ್ಯಾನು ಎಲ್ಲ ಸರಿ ಇದ್ದರೆ ಅದಕ್ಕೆ ಕಾಯಿಲೆ ಎಂಬ ಹೆಸರಿಲ್ಲ, ರಿಪೋರ್ಟಿನಲ್ಲಿ ಎರಡನೇ ಹಂತ ಎಂದು ಅಚ್ಚಾಗಿದ್ದರೂ. ಕೆಳಗಿದ್ದರೆ ಒಂದೇ ರಿಪೋರ್ಟಿನಿಂದ ಹಣೆಪಟ್ಟಿ ಹಚ್ಚುವಂತಿಲ್ಲ. ಮೂರು ತಿಂಗಳ ಅಂತರದಲ್ಲಿ ಮತ್ತೆ ನೋಡಬೇಕು. ಹಳೆಯ ರಿಪೋರ್ಟು ಮನೆಯಲ್ಲಿದ್ದರೆ ಆ ಮೂರು ತಿಂಗಳೂ ಉಳಿಯಿತು, ಅದಕ್ಕೇ ರಿಪೋರ್ಟು ಎಸೆಯಬೇಡಿ. ಮೊದಲ ಸಲವೇ 40ರ ಕೆಳಗೆ ಬಂದು ಹಳೆಯದು ಯಾವುದೂ ಇಲ್ಲದಿದ್ದರೆ ಮಾತ್ರ ಮೂರು ತಿಂಗಳು ಕಾಯಬಾರದು, ಒಂದೆರಡು ವಾರದಲ್ಲೇ ಮತ್ತೆ ನೋಡಿ ಇಳಿಯುತ್ತಿದೆಯೋ ನಿಂತಿದೆಯೋ ತಿಳಿಯಬೇಕು.

ಮೂತ್ರದ ಪರೀಕ್ಷೆ ಇಲ್ಲದೆ ಈ ಲೆಕ್ಕ ಅರ್ಧವೇ. ಸಕ್ಕರೆ ಕಾಯಿಲೆಯಲ್ಲಿ ಇ-ಜಿಎಫ್‌ಆರ್ 100 ಇರುವಾಗಲೇ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರಲು ಶುರುವಾಗಿರುತ್ತದೆ. ಮುಂಜಾನೆಯ ಮೊದಲ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಮಾಡಿಸಿ: ಗ್ರಾಮಿಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ, 300 ದಾಟಿದರೆ ಗಂಭೀರ. ಜ್ವರ, ಮೂತ್ರದ ಸೋಂಕು, ಮುಟ್ಟು ಇರುವಾಗ ಮಾಡಿಸಬೇಡಿ. ಕೈಯಲ್ಲಿ ಒಂದೇ ಹೆಚ್ಚುವರಿ ಪರೀಕ್ಷೆಗೆ ದುಡ್ಡಿದ್ದರೆ ನನ್ನ ಮತ ಇದಕ್ಕೇ.

ಎರಡನೆಯದಕ್ಕೂ ಇದ್ದರೆ ಸಿಸ್ಟಾಟಿನ್ ಸಿ. ಇದು ಸ್ನಾಯುವೊಂದರಿಂದಲ್ಲ, ದೇಹದ ಬಹುತೇಕ ಎಲ್ಲ ಜೀವಕೋಶಗಳಿಂದ ಬರುವ ಪ್ರೋಟೀನ್. ಆದ್ದರಿಂದ ತೆಳ್ಳಗಿನವರಲ್ಲಿ ಕ್ರಿಯೇಟಿನಿನ್‌ಗಿಂತ ಸರಿ. ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಗುಳಿಗೆ, ಬೊಜ್ಜು, ಬೀಡಿ ಸಿಗರೇಟು ಇದನ್ನೂ ಕೆಡಿಸುತ್ತವೆ. ಎರಡನ್ನೂ ಸೇರಿಸಿದ ಸೂತ್ರ ಒಂದೊಂದರ ಸೂತ್ರಕ್ಕಿಂತ ನಿಜಕ್ಕೆ ಹತ್ತಿರ. ಜಿಲ್ಲಾ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಸ್ಯಾಂಪಲ್ ದೊಡ್ಡ ಊರಿಗೆ ಕಳಿಸಬೇಕಾಗುತ್ತದೆ.

ಅದು ಆಗದ ಕಡೆ 24 ಗಂಟೆಯ ಮೂತ್ರ ಸಂಗ್ರಹ ಇದೆ. ಮುಂಜಾನೆ ಆರಕ್ಕೆ ಮೊದಲ ಮೂತ್ರ ಹೊರಗೆ ಬಿಟ್ಟು, ಆಮೇಲಿನದೆಲ್ಲ ಕ್ಯಾನಿನಲ್ಲಿ ಹಿಡಿದು, ಮರುದಿನ ಆರರದನ್ನೂ ಅದರಲ್ಲೇ ಸೇರಿಸಬೇಕು. ಕ್ಯಾನು ತಂಪಿನಲ್ಲಿರಬೇಕು. ಮೂತ್ರದ ಕ್ರಿಯೇಟಿನಿನ್ ಡೆಸಿಲೀಟರಿಗೆ 70 ಮಿಲಿಗ್ರಾಂ, ಪ್ರಮಾಣ 1500 ಮಿಲಿಲೀಟರ್, ರಕ್ತದ್ದು 1.5 ಇದ್ದರೆ 70 × 1500 ÷ (1.5 × ದಿನದ 1440 ನಿಮಿಷ), ಅಂದರೆ ಸುಮಾರು 49. ನಾಳಗಳು ತಳ್ಳಿದ್ದೂ ಇದರಲ್ಲಿ ಸೇರುವುದರಿಂದ ನಿಜವಾದ ಸೋಸುವಿಕೆಗಿಂತ ತುಸು ಹೆಚ್ಚೇ ತೋರುತ್ತದೆ. ಹೊಲಕ್ಕೆ ಹೋದಾಗ ಎರಡು ಸಲದ್ದು ಅಲ್ಲೇ ಬಿಟ್ಟು ಬಂದಿದ್ದರೆ ಲೆಕ್ಕವೆಲ್ಲ ಹಾಳು. ಅದನ್ನು ಹಿಡಿಯಲು ಒಂದು ತಾಳೆ ಇದೆ: ದಿನಕ್ಕೆ ಹೊರಹೋದ ಒಟ್ಟು ಕ್ರಿಯೇಟಿನಿನ್ ಗಂಡಸಿಗೆ ಕೆಜಿಗೆ 20ರಿಂದ 25 ಮಿಲಿಗ್ರಾಂ, ಹೆಂಗಸಿಗೆ 15ರಿಂದ 20 ಬರಬೇಕು, ವಯಸ್ಸಾದವರಿಗೆ ಕಡಿಮೆ. ಮೇಲಿನ ಉದಾಹರಣೆಯಲ್ಲಿ 1050 ಮಿಲಿಗ್ರಾಂ. 52 ಕೆಜಿಯ ಗಂಡಸಾದರೆ ಕೆಜಿಗೆ 20, ಸಂಗ್ರಹ ಸರಿಯಾಗಿದೆ. 600 ಬಂದಿದ್ದರೆ ಕ್ಯಾನು ತೊಳೆದು ಮತ್ತೆ ಶುರು ಮಾಡಬೇಕು.